ಐಸ್ ಹಾಕಿ ನೋಡಿ

ಲವಂಗದೆಣ್ಣೆಯನ್ನು ಗುಟ್ಟಾಗಿ ಹಚ್ಚಿಕೊಳ್ಳಲು ಸಾಧ್ಯವಿಲ್ಲ. ಅದರ ವಾಸನೆ ನಮ್ಮ ಬಾಯಿಗೆ ತಲುಪುವ ಮೊದಲೇ ಮನೆಮಂದಿಗೆಲ್ಲ ಸುದ್ದಿ ಮುಟ್ಟಿಸಿರುತ್ತದೆ. ಮೊನ್ನೆ ಶನಿವಾರ ಬೆಳಿಗ್ಗೆ ಅಮೆರಿಕದ ಯೂನಿಯನ್ ಸಿಟಿಯ ನಮ್ಮ ಅಡುಗೆಮನೆಯಲ್ಲಿ ನಾನು ಸದ್ದಿಲ್ಲದೆ ಹತ್ತಿಯುಂಡೆಯೊಂದನ್ನು ಎಣ್ಣೆಯಲ್ಲಿ ಅದ್ದಿ ದವಡೆಗೆ ಒತ್ತಿಕೊಳ್ಳುತ್ತಿದ್ದೆ. ಮಹಡಿಯಿಂದ ಹೆಂಡತಿ ಶಾಲಿನಿಯ ದನಿ ಇಳಿದುಬಂತು. "ಹಲ್ಲು ಮುರ್ಕೊಂಡ್ರಾ?"

ಮುರಿದುಕೊಂಡಿದ್ದೆ. ಗ್ರೋಸರಿಯಿಂದ ತಂದ ಕೋಡುಬಳೆ, ಯಾವ ಮಹಾರಾಜರ ಕಾಲದಲ್ಲಿ ಕರಿದದ್ದೋ ಏನೋ. ಕಟಕ್ ಎಂದದ್ದು ಕೋಡುಬಳೆಯೇ ಎಂದು ನಂಬಿ, "ಪರವಾಗಿಲ್ಲ, ಗರಿಗರಿಯಾಗಿದೆ" ಎಂದು ಹೊಗಳಿಯೂ ಆಗಿತ್ತು.

"ಡ್ಯಾನ್‌ವಿಲ್‌ಗೆ ಫೋನ್ ಮಾಡಿ" ಎಂದಳು ಶಾಲಿನಿ.

ನಾನು ಹತ್ತಿಯನ್ನು ಇನ್ನಷ್ಟು ಬಲವಾಗಿ ಒತ್ತಿಕೊಂಡೆ. ಡ್ಯಾನ್‌ವಿಲ್‌ನಲ್ಲಿರುವುದು ಡಾಕ್ಟರ್ ಸದಾನಂದರು. ಮಂಗಳೂರಿನವರು, ದಂತವೈದ್ಯರು, ಒಂದು ಕಾಲಕ್ಕೆ ಈ ದೇಶದಲ್ಲಿ ನನಗಿದ್ದ ಏಕೈಕ ಆಪ್ತ ಗೆಳೆಯರು. ಅವರ ಜೊತೆ ನಾನು ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ಕಾರಣ ಕೇಳಿದರೆ ನೀವು ನಗುತ್ತೀರಿ. ನಗಿ, ನಿಮಗೇನು, ಹಲ್ಲು ಗಟ್ಟಿಯಿವೆ. ಐಸ್ ಹಾಕಿಯ ಸಾರ್ವಕಾಲಿಕ ಶ್ರೇಷ್ಠ ತಂಡದಲ್ಲಿ ಗೋಲಿ ಯಾರಾಗಬೇಕು ಎಂಬ ವಿಷಯಕ್ಕೆ ನಾವು ಮಾತು ಬಿಟ್ಟಿದ್ದೆವು. ಗೋಲಿ ಎಂದರೆ ಗೋಲು ಕಾಯುವವನು. ನಮ್ಮಿಬ್ಬರಲ್ಲಿ ಒಬ್ಬರೂ ಜನ್ಮದಲ್ಲಿ ಒಮ್ಮೆಯೂ ಐಸಿನ ಮೇಲೆ ನಿಂತವರಲ್ಲ.

ನಮ್ಮ ಪರಿಚಯವಾದದ್ದೂ ಈ ಆಟದ ದೆಸೆಯಿಂದಲೇ. ಹನ್ನೆರಡು ವರ್ಷದ ಹಿಂದಿನ ಮಾತು. ಒಂದು ಕಮ್ಯುನಿಟಿ ಹಾಲಿನಲ್ಲಿ ನಮ್ಮವರ ರಾಮನವಮಿ ಪಾಟ್‌ಲಕ್, ಮನೆಗೊಂದು ಅಡುಗೆ ತಂದು ಹಂಚಿಕೊಂಡು ಉಣ್ಣುವ ಏರ್ಪಾಡು. ಅಡುಗೆ ಬಾರದ ಗಂಡಸರಿಗೆ ಇಂಥ ಕಡೆ ಎರಡೇ ಹುದ್ದೆ: ಕುರ್ಚಿ ಹಾಕುವುದು, ಇಲ್ಲವೇ ಪಾನಕ ಹಂಚುವುದು. ನನಗೆ ಆಗ ಅನುಕೂಲಕ್ಕೆ ತಕ್ಕ ಹಾಗೆ ಬರುವ ಬೆನ್ನುನೋವಿತ್ತು, ಪಾನಕ ಸಿಕ್ಕಿತು. ಗುಂಗುರು ಕೂದಲಿನವರೊಬ್ಬರು ಬಂದು ಲೋಟ ತುಂಬಿಸಿಕೊಂಡು, ನನ್ನ ಬೆನ್ನ ಹಿಂದಿನ ಗೋಡೆಯ ಕಡೆ ಗಲ್ಲ ಎತ್ತಿ ಕೇಳಿದರು: "ನೀವು ಐಸ್ ಹಾಕಿ ನೋಡ್ತೀರಾ?"

ಬೆನ್ನ ಹಿಂದೆ ಟೀವಿಯಲ್ಲಿ ಮ್ಯಾಚು ಓಡುತ್ತಿತ್ತೆಂದು ನನಗೇನು ಗೊತ್ತು! ಸೆಕೆಗೆ ಕೇಳುತ್ತಿದ್ದಾರೆ ಪಾಪ ಎಂದುಕೊಂಡು ಪಕ್ಕದ ಡಬ್ಬಿಯಿಂದ ಮೂರು ತುಂಡು ಐಸು ತೆಗೆದು ಅವರ ಲೋಟಕ್ಕೆ ಹಾಕಿದೆ. ಅವರು ಲೋಟ ನೋಡಿದರು, ನನ್ನನ್ನು ನೋಡಿದರು.

"ಎಂತ ಮಾರಾಯ್ರೆ ಇದು?"

"ನೀವೇ ಕೇಳಿದ್ರಲ್ಲ, ಐಸ್ ಹಾಕಿ ನೋಡ್ತೀರಾ ಅಂತ."

ಅವರಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ಪಾನಕ ಮೂಗಿನಿಂದ ಬರುವವರೆಗೆ ನಕ್ಕರು. ಹಿಂದೆ ನಿಂತಿದ್ದ ಹಿರಿಯ ಹೆಂಗಸೊಬ್ಬರು "ಶಿವ ಶಿವಾ, ರಾಮನವಮಿ ಪಾನಕಕ್ಕೆ ಐಸಾ!" ಎಂದು ಛೀಮಾರಿ ಹಾಕಿ, ಲೋಟ ಮುಂದೆ ಚಾಚಿ, "ನಂಗೂ ಎರಡು ಹಾಕಪ್ಪ" ಎಂದರು.

ಮರುವಾರವೇ ನಾನು ಅವರ ಮನೆಯ ಸೋಫಾದ ಮೇಲಿದ್ದೆ. ಹಾಕಿ ಎಂದರೆ ನನಗೆ ತಿಳಿದಿದ್ದದ್ದು ಮೈಸೂರಿನ ನಮ್ಮ ಹೈಸ್ಕೂಲು ಮೈದಾನದ್ದು. ಅಲ್ಲಿ ಕೊಡಗಿನ ಹುಡುಗರು ಆಡುತ್ತಿದ್ದರು, ನಾನು ಅವರ ಬ್ಯಾಗು ಕಾಯುತ್ತಿದ್ದೆ. ಇದು ಬೇರೆಯೇ. ಪಕ್ ಎಂಬ ಕಪ್ಪು ರಬ್ಬರಿನ ಬಿಲ್ಲೆಯೊಂದಿದೆಯಂತೆ, ಅದರ ಹಿಂದೆ ಎಲ್ಲರೂ ಓಡುತ್ತಾರಂತೆ. ಮೊದಲ ಆರು ವಾರ ಅದು ನನ್ನ ಕಣ್ಣಿಗೇ ಬೀಳಲಿಲ್ಲ. ಸದಾನಂದರು "ಹೋಯ್ತು! ಹೋಯ್ತು!" ಎಂದು ಎದ್ದಾಗ ನಾನೂ ಎದ್ದು "ಛೇ!" ಎನ್ನುತ್ತಿದ್ದೆ. ಒಂದು ಸಲ ನಮ್ಮೂರ ತಂಡವೇ ಗೋಲು ಹೊಡೆದಾಗ "ಛೇ!" ಎಂದುಬಿಟ್ಟು ಸಿಕ್ಕಿಬಿದ್ದೆ.

ಇವರಿಗೆ ಈ ಹುಚ್ಚು ಹಿಡಿದದ್ದು ಹೇಗೆ ಎಂದು ಕೇಳಿದಿರಾ? ಹಲ್ಲಿನಿಂದ. ಅಮೆರಿಕಕ್ಕೆ ಓದಲು ಬಂದ ಹೊಸತರಲ್ಲಿ ಟೀವಿಯಲ್ಲಿ ಒಬ್ಬ ಆಟಗಾರ ಮುಂದಿನ ನಾಲ್ಕೂ ಹಲ್ಲಿಲ್ಲದೆ ಬೆಳಗಿನ ಬಿಸಿಲಿನ ಹಾಗೆ ನಗುತ್ತಿದ್ದನಂತೆ. "ನಾವು ಬಾಯಿ ಮುಚ್ಚಿ ನಗ್ಲಿಕ್ಕೆ ಕಲ್ತವರು. ಅವ ನೋಡಿ, ಇದ್ದದ್ದೆಲ್ಲ ಹೋಗಿದೆ, ನಗುವುದು ಮಾತ್ರ ಪೂರ್ತಿ ಸೆಟ್ಟು" ಎನ್ನುತ್ತಿದ್ದರು. ಅಂದಿನಿಂದ ಅವರು ಈ ಆಟದ ನೂರು ವರ್ಷದ ಚರಿತ್ರೆಯನ್ನು ಬಾಯಿಪಾಠ ಮಾಡಿದರು. ಆಟಗಾರರ ಹೆಸರುಗಳೋ, ಫ್ರೆಂಚು, ರಷ್ಯನ್ನು, ಫಿನ್ನಿಶ್ಶು. ನನ್ನ ನಾಲಿಗೆ ಹೊರಳದು. ಆದ್ದರಿಂದ ನನ್ನ ಅನುಕೂಲಕ್ಕೆ ಎಲ್ಲರಿಗೂ ಮರುನಾಮಕರಣವಾಯಿತು. ಎರಡು ಹಲ್ಲು ಹೋದವನು ಕಿಟಕಿ. ನಾಲ್ಕು ಹೋದವನು ಹೆಬ್ಬಾಗಿಲು. ಯಾರನ್ನಾದರೂ ಗುದ್ದಿ ಬೇಲಿಗೆ ಒರಗಿಸುವವನು ಒರಳುಕಲ್ಲು. ಮೈದಾನದ ಆ ತುದಿಯಿಂದ ಈ ತುದಿಗೆ ಯಾರ ಕೈಗೂ ಸಿಗದೆ ಬರುವವನು ಜಾರುಗುಪ್ಪೆ. ಹೀಗೆ.

ಅವರು ಕಥೆ ಹೇಳಲು ಕೂತರೆ ಹರಿಕಥೆ ದಾಸರೂ ಎದ್ದು ಹೋಗಬೇಕು. ಹಿಂದೆ ಒಂದು ಕಡೆಗೆ ಆರಲ್ಲ, ಏಳು ಜನ ಆಡುತ್ತಿದ್ದರಂತೆ. ಏಳನೆಯವನಿಗೆ ನಿಗದಿಯಾದ ಜಾಗವೇ ಇಲ್ಲ, ಎಲ್ಲೆಂದರಲ್ಲಿ ಸುತ್ತುವುದೇ ಅವನ ಕೆಲಸ. ರೆಡ್‌ವುಡ್ ಸಿಟಿಯ ನಮ್ಮ ಆಫೀಸಿನಲ್ಲಿ ಅಂಥವರನ್ನು ಈಗಲೂ ಇಟ್ಟುಕೊಂಡಿದ್ದಾರೆ, ಮೀಟಿಂಗು ಕರೆಯುತ್ತಾರೆ. ಗೆದ್ದ ತಂಡದವರ ಹೆಸರನ್ನೆಲ್ಲ ಬೆಳ್ಳಿಯ ಕಪ್ಪಿನ ಮೇಲೆ ಕೆತ್ತುತ್ತಾರೆ, ಅದರಲ್ಲೂ ಕೆಲವು ಕಡೆ ಕಾಗುಣಿತ ತಪ್ಪಿದೆ. ಅದನ್ನು ಕೇಳಿ ನನಗೆ ಬಹಳ ಸಮಾಧಾನವಾಯಿತು, ಏಕೆಂದರೆ ನನ್ನ ಆಫೀಸಿನ ಬ್ಯಾಡ್ಜಿನಲ್ಲಿ ನನ್ನ ಹೆಸರೂ ಹಾಗೆಯೇ ಇದೆ. ಸೀಸನ್ನಿನ ಕೊನೆಯ ಸುತ್ತು ಶುರುವಾದರೆ ಆಟಗಾರರು ಸೋಲುವವರೆಗೆ ಗಡ್ಡ ಬೋಳಿಸುವುದಿಲ್ಲ. ತಿರುಪತಿಯ ಹರಕೆಯೇ, ದೇವರು ಮಾತ್ರ ಬೇರೆ. ಸದಾನಂದರೂ ಬಿಡುತ್ತಿದ್ದರು. ಏಪ್ರಿಲ್ ತಿಂಗಳಲ್ಲಿ ಅವರ ಕ್ಲಿನಿಕ್ಕಿಗೆ ಹೋದ ಮಕ್ಕಳು ಡ್ರಿಲ್ಲಿಗಿಂತ ಹೆಚ್ಚಾಗಿ ಅವರ ಗಡ್ಡಕ್ಕೇ ಹೆದರುತ್ತಿದ್ದವು.

ಎಂಟು ವರ್ಷ ಹೀಗೆ ನಡೆಯಿತು. ನನಗೂ ಕೊನೆಗೆ ಪಕ್ ಕಾಣತೊಡಗಿತು. ಕಾಣದಿದ್ದರೇ ಚೆನ್ನಾಗಿತ್ತು, ಅಭಿಪ್ರಾಯಗಳು ಹುಟ್ಟುತ್ತಿರಲಿಲ್ಲ.

ಆ ಸಂಜೆ ಅವರ ಮನೆಯಲ್ಲಿ ಮ್ಯಾಚಿಗೆ ಮೊದಲು ಆಲ್ ಟೈಮ್ ಟೀಮು ಬರೆಯುವುದೆಂದು ತೀರ್ಮಾನವಾಯಿತು. ಕಾಗದ ಸಿಗಲಿಲ್ಲ. ನಾನು ತಂದಿದ್ದ ಮೈಸೂರು ಪಾಕಿನ ಡಬ್ಬಿಯ ರಟ್ಟಿನ ಮುಚ್ಚಳದ ಮೇಲೆ ಅವರು ಬರೆಯತೊಡಗಿದರು. ನಡುವೆ ಹೆಬ್ಬಾಗಿಲು. ಎಡಕ್ಕೆ ಜಾರುಗುಪ್ಪೆ, ಬಲಕ್ಕೆ ಕಿಟಕಿ. ಹಿಂದೆ ಒರಳುಕಲ್ಲು, ಅವನ ಜೊತೆಗೆ ಮಾತೇ ಆಡದ ಒಬ್ಬ ಮೌನಿಬಾಬಾ. ಐದು ಜನ ಐದು ನಿಮಿಷದಲ್ಲಿ ಆದರು. ಉಳಿದದ್ದು ಗೋಲಿ.

"ಹೊಲಿಗೆರಾಯ" ಎಂದರು ಅವರು. ಹೊಲಿಗೆರಾಯ ಹಳೆಯ ಕಾಲದವನು. ಆಗ ಗೋಲಿಗಳಿಗೆ ಮುಖವಾಡವಿರಲಿಲ್ಲ. "ಬರಿ ಮುಖ ಮಾರಾಯ್ರೆ! ಪಕ್ ಬಂದು ಮುಖಕ್ಕೆ ಬಡೀತದೆ, ಒಳಗೆ ಹೋಗ್ತಾನೆ, ಹೊಲಿಗೆ ಹಾಕಿಸ್ತಾನೆ, ವಾಪಸ್ಸು ಬಂದು ನಿಲ್ತಾನೆ. ಮುಖವಾಡ ಹಾಕಿದ್ರೆ ಹೆದ್ರುಪುಕ್ಕಲ ಅಂತ ಹೇಳ್ತಿದ್ರು ಆಗ."

"ಗೋಡೆ" ಎಂದೆ ನಾನು. ಗೋಡೆ ಈ ಕಾಲದವನು, ಮುಖವಾಡದವನು, ಅವನನ್ನು ದಾಟಿ ಏನೂ ಹೋಗದು. "ಮುಖ ಒಡ್ಸ್ಕೊಳ್ಳೋದು ಧೈರ್ಯ ಅಲ್ಲ ಸಾರ್, ದಡ್ಡತನ. ಗೋಲು ತಡೀಬೇಕು ತಾನೆ?"

"ಅವನ ಮುಖದಲ್ಲಿ ಒಂದು ಗೀರುಂಟಾ?"

ಅಷ್ಟಕ್ಕೇ ಬಿಡಬೇಕಿತ್ತು. ಆದರೆ ಗೆಲ್ಲಬೇಕೆಂಬ ಚಟ ನೋಡಿ. ನಾನೆಂದೆ: "ನಿಮ್ಗೆ ಆಟಗಾರರ ಮೇಲೆ ಪ್ರೀತಿ ಎಲ್ಲಿದೆ ಸಾರ್? ನಿಮ್ಮ ಕಣ್ಣೆಲ್ಲ ಅವರ ಬಾಯಿ ಮೇಲೆ. ಹಲ್ಲು ಉದುರಿದ್ರೆ ತಾನೆ ನಿಮಗೆ ಬಿಸಿನೆಸ್ಸು!"

ಅವರು ಪೆನ್ನಿಗೆ ಟೋಪಿ ಹಾಕಿದರು. ಮುಚ್ಚಳವನ್ನು ಪಕ್ಕಕ್ಕೆ ಎತ್ತಿಟ್ಟರು. "ಹಾಗಾದ್ರೆ ನೀವು ನಿಮ್ಮ ಮನೆಯಲ್ಲೇ ನೋಡಿ, ಆಯ್ತಾ" ಎಂದರು, ಮೆಲ್ಲಗೆ. ಕೂಗಿದ್ದರೆ ಮರುದಿನವೇ ರಾಜಿಯಾಗುತ್ತಿತ್ತು. ಮೆಲ್ಲಗೆ ಹೇಳಿದ್ದು ಕೆಡಿಸಿತು.

ಈ ಆಟದಲ್ಲಿ ತಪ್ಪು ಮಾಡಿದವನನ್ನು ಎರಡು ನಿಮಿಷ ಗಾಜಿನ ಪೆಟ್ಟಿಗೆಯೊಂದರಲ್ಲಿ ಕೂರಿಸುತ್ತಾರೆ. ನಾನು ನಾಲ್ಕು ವರ್ಷ ಕೂತೆ. ತಪ್ಪು ನನ್ನದೆಂದು ಮೊದಲ ದಿನವೇ ಗೊತ್ತಿತ್ತು, ಫೋನು ಎತ್ತಲು ಮಾತ್ರ ಕೈ ಬರಲಿಲ್ಲ. ನಿಜ ಹೇಳುತ್ತೇನೆ, ಆ ಮನುಷ್ಯ ಇಲ್ಲದೆ ಶನಿವಾರಗಳು ಸಪ್ಪೆಯಾಗಿದ್ದವು. ಒಬ್ಬನೇ ಮ್ಯಾಚು ಹಾಕಿಕೊಂಡು ಕೂತರೆ ಪಕ್ ಮತ್ತೆ ಕಾಣದಾಯಿತು.

ಈಗ ಲವಂಗದೆಣ್ಣೆಗೆ ವಾಪಸ್ಸು ಬರೋಣ. ಶಾಲಿನಿ ಕೆಳಗಿಳಿದು ಬಂದು ನನ್ನ ಊದಿದ ದವಡೆಯನ್ನು ಅಳೆಯುವವಳಂತೆ ನೋಡಿದಳು.

"ಬೇರೆ ಡೆಂಟಿಸ್ಟ್ ಹುಡುಕ್ತೀನಿ" ಎಂದೆ.

"ಹುಡುಕಿ. ಅಲ್ಲಾರೀ, ನೀವೇ ಹೇಳ್ತಿದ್ರಲ್ಲ, ಆ ಹಲ್ಲುದುರಿದ ಗೂಳಿಗಳು ಎರಡು ವಾರ ಗುದ್ದಾಡಿ ಕೊನೇಲಿ ಸಾಲಾಗಿ ನಿಂತು ಕೈ ಕುಲುಕ್ತಾರೆ ಅಂತ? ಸೋತೋರೂ ನಿಂತ್ಕೋತಾರೆ ಅಂತ ಕಣ್ಣಲ್ಲಿ ನೀರು ಬೇರೆ ಹಾಕ್ತಿದ್ರಿ. ನೀವಿಬ್ರೂ ಯಾವ ಸೀಮೆ ಫ್ಯಾನ್ಸು?"

ಮಗಳು ಫೋನಿನಿಂದ ತಲೆಯೆತ್ತದೆ, "ಜಸ್ಟ್ ಕಾಲ್ ಹಿಮ್, ಅಪ್ಪ" ಎಂದಳು. ನನ್ನ ಕೈ ಬರದಿದ್ದರೇನು, ಶಾಲಿನಿಯ ಕೈ ಬಂತು. ಅರ್ಧ ನಿಮಿಷ ಮಾತಾಡಿ, "ಹನ್ನೊಂದಕ್ಕೆ ಬರ್ಬೇಕಂತೆ" ಎಂದಳು. ಬೇರೇನಾದರೂ ಹೇಳಿದರೇ ಎಂದು ಕೇಳಿದೆ. "ಖಾಲಿ ಹೊಟ್ಟೇಲಿ ಬರ್ಬೇಡಿ ಅಂದ್ರು." ಅದರಲ್ಲಿ ಏನು ಅರ್ಥ ಅಡಗಿದೆಯೆಂದು ಫ್ರೀವೇ ಉದ್ದಕ್ಕೂ ಯೋಚಿಸಿದೆ. ಕ್ಷಮೆಯ ಮಾತನ್ನೂ ಅಭ್ಯಾಸ ಮಾಡಿದೆ: "ಸಾರ್, ಅವತ್ತು ನಾನು ಹಾಗಂದಿದ್ದು ತಪ್ಪು. ಸಾರಿ." ದಾರಿಯಲ್ಲಿ ಸಿಗುವ ಡಬ್ಲಿನ್ ಎಂಬ ಊರು ದಾಟುವ ಹೊತ್ತಿಗೆ ಚೆನ್ನಾಗಿ ಕುದುರಿತ್ತು.

ಆದರೆ ದಂತವೈದ್ಯರ ಮುಂದೆ ಮೊದಲು ಬಾಯಿ ತೆರೆಯಬೇಕು, ಆಮೇಲೆ ಮಾತು. ಸದಾನಂದರ ಗುಂಗುರು ಕೂದಲು ಬೆಳ್ಳಗಾಗಿತ್ತು. ಮುಖಕ್ಕೆ ಮಾಸ್ಕು. ಕಣ್ಣು ಮಾತ್ರ ಕಾಣುತ್ತಿತ್ತು, ಅದರಲ್ಲಿ ಏನೂ ತಿಳಿಯುತ್ತಿರಲಿಲ್ಲ. "ಬಾಯಿ ತೆರೀರಿ" ಎಂದರು. ನೋಡಿದರು. "ಬೇರಿನವರೆಗೆ ಸೀಳಿದೆ. ತೆಗೀಬೇಕು." ಸೂಜಿ ಚುಚ್ಚಿದರು. ನಾಲಿಗೆ ಹಳೆಯ ಚಪ್ಪಲಿಯಂತಾಯಿತು. ನನ್ನ ಭಾಷಣ ಅಲ್ಲಿಗೆ ಮುಗಿಯಿತು.

ಕುರ್ಚಿ ಹಿಂದಕ್ಕೆ ವಾಲಿತು. ಮೇಲೆ ನೋಡಿದೆ. ರೋಗಿಗಳಿಗೆ ಹೊತ್ತು ಹೋಗಲೆಂದು ಚಾವಣಿಗೆ ಬೆಟ್ಟ, ಕಡಲಿನ ಚಿತ್ರಗಳನ್ನು ಅಂಟಿಸಿದ್ದರು. ಅವುಗಳ ನಡುವೆ ಒಂದು ರಟ್ಟಿನ ಮುಚ್ಚಳ. ತುಪ್ಪದ ಕಲೆಗಳು ಇನ್ನೂ ಇದ್ದವು. ಹೆಬ್ಬಾಗಿಲು. ಜಾರುಗುಪ್ಪೆ. ಕಿಟಕಿ. ಒರಳುಕಲ್ಲು. ಮೌನಿಬಾಬಾ. ಗೋಲಿ ಎಂದು ಬರೆದು ಅದರ ಮುಂದೆ ಏನೂ ಇರಲಿಲ್ಲ.

ನಾಲ್ಕು ವರ್ಷ! ಹೊಲಿಗೆರಾಯನ ಹೆಸರನ್ನು ಅವರು ಯಾವತ್ತು ಬೇಕಾದರೂ ಬರೆಯಬಹುದಿತ್ತು. ಪೆನ್ನು ಅವರ ಕೈಯಲ್ಲೇ ಇತ್ತು, ತಡೆಯುವವನು ಯೂನಿಯನ್ ಸಿಟಿಯಲ್ಲಿ ಮುಖ ಊದಿಸಿಕೊಂಡು ಕೂತಿದ್ದ. ನನ್ನ ಕಣ್ಣು ತುಂಬಿತು.

"ನೋಯ್ತದಾ?" ಎಂದರು.

ಇಲ್ಲವೆಂದು ತಲೆಯಾಡಿಸಿದೆ. ಇದ್ದಬದ್ದ ಶಕ್ತಿಯನ್ನೆಲ್ಲ ತುಟಿಗೆ ತಂದುಕೊಂಡು "ಸಾರಿ" ಎಂದೆ. ಹೊರಗೆ ಬಂದದ್ದು "ಹಾಹಿ."

"ಎಂತ? ಹಾಕಿಯಾ? ಹಲ್ಲು ಕೀಳುವಾಗಲೂ ನಿಮಗೆ ಹಾಕಿಯಾ?"

"ಹಾಹಿ! ಹಾಹಿ!" ಎಂದು ಎರಡು ಸಲ ಹೇಳಿದೆ, ಕೈ ಮುಗಿದೆ. ಅವರ ಕೈ ನಿಂತಿತು. ಮಾಸ್ಕಿನ ಮೇಲಿನ ಆ ಕಣ್ಣುಗಳು ಸಣ್ಣಗಾದವು, ಹೆಗಲು ಕುಲುಕತೊಡಗಿತು. ಪಾನಕ ಮೂಗಿನಿಂದ ಬಂದ ದಿನ ನಕ್ಕಿದ್ದರಲ್ಲ, ಅದೇ ನಗು. ನರ್ಸಮ್ಮ ಗಾಬರಿಯಿಂದ ಒಮ್ಮೆ ಅವರನ್ನೂ ಒಮ್ಮೆ ನನ್ನನ್ನೂ ನೋಡಿದಳು.

ಹಲ್ಲು ಹೊರಬಂತು. "ಎರಡು ಹೊಲಿಗೆ ಹಾಕಿದ್ದೇನೆ" ಎಂದರು ಮಾಸ್ಕು ಕೆಳಗೆಳೆದು. "ಹೊಲಿಗೆರಾಯ ಆದ್ರೆ ಈಗ ಎದ್ದು ಆಡ್ಲಿಕ್ಕೆ ಹೋಗ್ತಿದ್ದ. ನೀವು ಗೋಡೆಯ ಪಾರ್ಟಿ, ಮನೆಗೆ ಹೋಗಿ ಮಲಗಿ."

ನಾನು ಚಾವಣಿಯ ಕಡೆ ಬೆರಳು ತೋರಿಸಿ, "ಹೊಯಿಹೆಯಾಯ" ಎಂದೆ. ಬರೆದುಬಿಡಿ, ನಾನು ಸೋತೆ ಎಂದು ಕೈಸನ್ನೆ ಮಾಡಿದೆ.

"ಬೇಡ ಮಾರಾಯ್ರೆ, ಖಾಲಿಯೇ ಇರ್ಲಿ" ಎಂದರು ಅವರು. "ಅದು ತುಂಬಿದ್ರೆ ಮತ್ತೆ ನಾವಿಬ್ರು ಜಗಳ ಮಾಡ್ಲಿಕ್ಕೆ ಎಂತ ಉಂಟು?"

ಆಮೇಲೆ ಡಾಕ್ಟರ ದನಿ ತೆಗೆದು ಹತ್ತಿ, ಮಾತ್ರೆ, ಗಂಜಿ ಎಲ್ಲ ವಿವರಿಸಿದರು. ಬಾಗಿಲವರೆಗೆ ಬಂದು ಹೇಳಿದರು: "ಸಂಜೆಗೆ ಊತ ಜಾಸ್ತಿ ಆದ್ರೆ ಐಸ್ ಹಾಕಿ ನೋಡಿ."

ನಾನು ನಿಂತೆ. ನಾಲಿಗೆ ಸ್ವಲ್ಪ ಸ್ವಲ್ಪವಾಗಿ ನನ್ನದಾಗುತ್ತಿತ್ತು. "ಯಾರ ಮನೇಲಿ?" ಎಂದು ಕೇಳಿದೆ.

ಅವರು ನನ್ನ ಮುಖ ನೋಡಿದರು. ಈ ಸಲ ಅರ್ಥವಾಗಲು ಒಂದು ಕ್ಷಣವೂ ಹಿಡಿಯಲಿಲ್ಲ.

"ನಮ್ಮಲ್ಲೇ. ಏಳಕ್ಕೆ ಮ್ಯಾಚುಂಟು. ಬರುವಾಗ ಪಾನಕ ತನ್ನಿ" ಎಂದರು. "ಐಸ್ ಮಾತ್ರ ಹಾಕ್ಬೇಡಿ."