ಒಂದಕ್ಷರವೂ ಬದಲಿಸದ ಸಾಲು

ನನ್ನ ಲೇಖನ ಪ್ರಕಟವಾದ ದಿನ ನಾನು ಮಾಡಿದ ಮೊದಲ ಕೆಲಸ, ಅದು ಎಲ್ಲೆಲ್ಲಿ ಕಾಣಿಸುತ್ತದೆ ಎಂದು ಹುಡುಕಿದ್ದು. ಮಕ್ಕಳ ಫೋನಿನ ಗೀಳಿನ ಬಗ್ಗೆ ವರ್ಷಗಟ್ಟಲೆ ಸಂಶೋಧನೆ ಮಾಡಿದವಳು ನಾನು. ನನ್ನ ಗೀಳಿನ ಬಗ್ಗೆ ಯಾರೂ ಕೇಳಿರಲಿಲ್ಲ. ಬಸವನಗುಡಿಯ ಮನೆಯಲ್ಲಿ ಬೆಳಗಿನ ಕಾಫಿ ಕುಡಿಯುತ್ತಾ, ಲೇಖನದಲ್ಲಿ ನನಗೆ ತುಂಬ ಹಿಡಿಸಿದ್ದ ಒಂದು ಸಾಲನ್ನು ಹಾಗೇ ಟೈಪ್ ಮಾಡಿದೆ: ‘ಅಪ್ಪ ಫೋನ್ ನೋಡ್ತಾರೆ, ನನ್ನನ್ನ ನೋಡಲ್ಲ.’

ಮೊದಲು ನನ್ನ ಲೇಖನ ಬಂತು. ಅದರ ಕೆಳಗೇ ಮಲ್ಲಿಗೆ ಮೊಗ್ಗಿನ ಚಿತ್ರವಿದ್ದ ಒಂದು ಖಾತೆ. ಕಾಫಿ ಲೋಟ ಕೆಳಗಿಟ್ಟೆ.

ಅದು ಚಾಮರಾಜಪೇಟೆಯ ಒಂದು ಶಾಲೆಯಲ್ಲಿ ಹತ್ತನೇ ತರಗತಿ ಓದುತ್ತಿದ್ದ ಹುಡುಗಿಯ ಖಾತೆ. ನನ್ನ ಸಂಶೋಧನೆಗೆಂದು ಮಾತಾಡಿಸಿದ ಮಕ್ಕಳಲ್ಲಿ ಅವಳೂ ಒಬ್ಬಳು. ಬೇರೆ ಹೆಸರಿಟ್ಟುಕೊಂಡು ಮೂರು ವರ್ಷದಿಂದ ಅಲ್ಲಿ ಬರೆಯುತ್ತಿದ್ದಳು: ಮನೆ, ಟೀಚರು, ಮುಂದೆ ತಾನು ಓದಬೇಕೆಂದಿರುವುದು. ಸಂಜೆ ಅಪ್ಪ ಅಂಗಡಿಯಿಂದ ಬರುವ ಮೊದಲು ಆ್ಯಪನ್ನೇ ತೆಗೆದುಹಾಕಿ, ಮರುದಿನ ಮತ್ತೆ ಹಾಕಿಕೊಳ್ಳುತ್ತಿದ್ದಳು. ಅಪ್ಪ ಬಂದೊಡನೆ ಫೋನನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದು, “ನೋಡಿ ಅಪ್ಪಾ, ಏನೂ ಇಲ್ಲ” ಎನ್ನುವುದನ್ನು ನನಗೆ ಮಾಡಿ ತೋರಿಸಿ ನಕ್ಕಿದ್ದಳು. “ನಿಮಗೊಬ್ರಿಗೇ ಮೇಡಂ ಹೇಳಿರೋದು.”

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಲು ನಾನು ಚಿಕ್ಕಪೇಟೆಯ ಅವರಪ್ಪನ ಬಟ್ಟೆ ಅಂಗಡಿಗೆ ಹೋಗಿದ್ದೆ. ಕೆಟ್ಟ ಮನುಷ್ಯರೇನಲ್ಲ. ಕೂರಿಸಿ ಕಾಫಿ ತರಿಸಿಕೊಟ್ಟರು. ಸಹಿ ಹಾಕುತ್ತಲೇ ಹೇಳಿದರು: “ಫೋನ್ ಕೊಟ್ಟಿರೋದು ಪಾಠಕ್ಕೆ ಮೇಡಂ. ಬೇರೆ ಏನಾದ್ರೂ ಕಣ್ಣಿಗೆ ಬಿತ್ತು ಅಂದ್ರೆ, ಹತ್ತನೇ ಕ್ಲಾಸ್ ಮುಗಿಸ್ಲಿ, ಆಮೇಲೆ ಮನೇಲಿರ್ಲಿ. ಕಾಲೇಜೂ ಬೇಡ, ಏನೂ ಬೇಡ.” ಹೇಳಿದ್ದನ್ನು ಮಾಡುವವರ ದನಿ ಅದು. ನಾನು ಅದನ್ನೂ ಬರೆದುಕೊಂಡಿದ್ದೆ.

ಲೇಖನದಲ್ಲಿ ಹುಡುಗಿಯ ಹೆಸರು ಬದಲಿಸಿದ್ದೆ. ಶಾಲೆ, ಬಡಾವಣೆ ಯಾವುದನ್ನೂ ಹೇಳಿರಲಿಲ್ಲ. ಆದರೆ ಜನರ ಮಾತನ್ನು ಒಂದಕ್ಷರವೂ ತಿದ್ದಬಾರದು ಎನ್ನುವುದು ನಮ್ಮ ಕೆಲಸದ ಮಡಿ. ಮಕ್ಕಳ ಭಾಷೆಯನ್ನು ಚೆಂದ ಮಾಡಿ ಬರೆದುಕೊಂಡು ಬಂದ ಕಿರಿಯರಿಗೆ ನಾನೇ ಬೈದು ವಾಪಸ್ ಕಳಿಸಿದ್ದುಂಟು. ಹಾಗಾಗಿ ಅವಳ ಖಾತೆಯಿಂದ ತೆಗೆದುಕೊಂಡ ಸಾಲು ಅವಳು ಬರೆದಂತೆಯೇ ಅಚ್ಚಾಗಿತ್ತು. ಅದನ್ನು ಟೈಪ್ ಮಾಡಿದ ಯಾರಿಗಾದರೂ ಅವಳ ಮೂರು ವರ್ಷ ಪೂರ್ತಿ ಸಿಗುತ್ತಿತ್ತು. ಶಾಲೆಯ ಸಮವಸ್ತ್ರದ ತೋಳು ಕಾಣುವ ಫೋಟೋ ಕೂಡ ಆ ಖಾತೆಯಲ್ಲಿತ್ತು.

ಪತ್ರಿಕೆಯ ಸಂಪಾದಕರಿಗೆ ಫೋನ್ ಮಾಡಿ ಲೇಖನ ತೆಗೆಯಿರಿ ಎಂದೆ. ಜಾಲತಾಣ ನೋಡಿಕೊಳ್ಳುವವರು ರಜೆಯಲ್ಲಿದ್ದಾರೆ, ಸೋಮವಾರ ನೋಡೋಣ ಎಂದರು. ಅಂದು ಬುಧವಾರ.

ಮಧ್ಯಾಹ್ನ ಹುಡುಗಿಯ ಅಪ್ಪನ ಫೋನ್ ಬಂತು.

“ಮೇಡಂ, ಲೇಖನ ಬಂದಿದೆ ಅಂತ ಹೆಡ್‌ಮಿಸ್ ಗ್ರೂಪಲ್ಲಿ ಹಾಕಿದಾರೆ. ಒಂದು ಕಾಪಿ ಕೊಡ್ತೀವಿ ಅಂತ ಫಾರಂನಲ್ಲೇ ಬರ್ದಿದ್ರಲ್ಲಾ, ಕಳಿಸಿ. ನಮ್ಮ ಹುಡುಗಿ ಹೇಳಿರೋದು ಯಾವ್ದು ಅಂತ ನೋಡ್ಬೇಕು.”

ಎಷ್ಟು ಖುಷಿಯಿತ್ತು ಆ ದನಿಯಲ್ಲಿ! ನಾನು “ನಾಳೆ ಕಳಿಸ್ತೀನಿ ಸರ್” ಎಂದೆ. ನಾನು ಕಳಿಸದಿದ್ದರೆ ಹೆಡ್‌ಮಿಸ್ ಕಳಿಸುತ್ತಾರೆ.

ಅವಳಿಗೆ ಹೇಳಬೇಕು. ಹೇಳುವುದು ಹೇಗೆ? ಫೋನ್ ಮಾಡುವ ಹಾಗಿಲ್ಲ, ಮೆಸೇಜ್ ಹಾಕುವ ಹಾಗಿಲ್ಲ. ಆ ಫೋನನ್ನು ನೋಡುವವರು ಬೇರೆ. ಡಿಜಿಟಲ್ ಸಂವಹನದ ಪಂಡಿತೆ ನಾನು, ಬಿರಬಿರನೆ ನಡೆದುಕೊಂಡು ಹೋಗಿ ಗಾಂಧಿ ಬಜಾರಿನಲ್ಲಿ ಅವಳ ಟ್ಯೂಷನ್ ಮನೆಯ ಎದುರು, ಹೂವಿನವರ ಪಕ್ಕ ನಿಂತೆ. ಐದು ಗಂಟೆಗೆ ಬಿಡಬೇಕಿತ್ತು. ಐದೂವರೆಯಾದರೂ ಬಿಡಲಿಲ್ಲ. ಅವರಪ್ಪನ ಸ್ಕೂಟರ್ ಬಂದೀತೇ ಎಂದು ಪ್ರತಿ ಸ್ಕೂಟರ್ ಸದ್ದಿಗೂ ತಿರುಗಿ ನೋಡುತ್ತಿದ್ದೆ. “ಯಾರನ್ನ ಕಾಯ್ತಿದೀರಮ್ಮಾ?” ಎಂದು ಹೂವಿನಾಕೆ ಕೇಳಿದಾಗ ಸುಮ್ಮನೆ ಎರಡು ಮೊಳ ಕನಕಾಂಬರ ಕೊಂಡೆ.

ಹುಡುಗಿ ಹೊರಗೆ ಬಂದಳು. ನನ್ನನ್ನು ಕಂಡು ಮುಖ ಅರಳಿತು. ನಾನು ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟೆ. ಅವಳು ಅಳಲಿಲ್ಲ, ಬೈಯಲಿಲ್ಲ.

“ನೀವು ಹೆಸ್ರು ಹಾಕಲ್ಲ ಅಂದಿದ್ರಿ” ಎಂದಳು.

“ಹಾಕಿಲ್ಲ ಪುಟ್ಟಾ.”

ಅದು ಎಂಥ ಉತ್ತರ ಎಂದು ನನಗೇ ನಾಚಿಕೆಯಾಯಿತು. ಅವಳು ಗೋಡೆಗೆ ಒರಗಿ ಫೋನ್ ತೆಗೆದಳು. ಖಾತೆಯನ್ನು ಪೂರ್ತಿ ಅಳಿಸಬೇಕೇ ಎಂದು ಫೋನು ಎರಡು ಸಲ ಕೇಳಿತು, ಎರಡು ಸಲವೂ ಹೂಂ ಒತ್ತಿದಳು. ಮೂರು ವರ್ಷದ ಬರಹ ಹೋಗಲು ಒಂದು ನಿಮಿಷವೂ ಬೇಕಾಗಲಿಲ್ಲ.

ಆಮೇಲೆ ಅವಳು ನೆಟ್ಟಗೆ ನಿಂತು, ಫೋನನ್ನು ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದಳು.

“ನೋಡಿ ಮೇಡಂ, ಏನೂ ಇಲ್ಲ.”

ನಾನು ಬೇಡವೆಂದು ತಲೆಯಾಡಿಸಿದೆ. ನಾನು ನೋಡುವವರೆಗೂ ಅವಳು ಕೈ ಇಳಿಸಲಿಲ್ಲ.