ನೆಣವಿಲ್ಲದ ಮಾಂಸ

೧೯೬೫ನೆಯ ಇಸವಿ ಅಕ್ಟೋಬರ್ ೯, ಶನಿವಾರ. ಭೂಮಿಯ ಆ ದಕ್ಷಿಣ ಭಾಗದಲ್ಲಿ ಚಳಿಗಾಲ ಕಳೆದು ಆರು ವಾರವಾಗಿತ್ತು. ಮಳೆಗಾಲದ ಸುಳಿವು ಮಾತ್ರ ಇರಲಿಲ್ಲ. ವಾಯವ್ಯದಿಂದ ಬೀಸುತ್ತಿದ್ದ ಬಿಸಿಗಾಳಿ ಕಲಹಾರಿ ಮರುಭೂಮಿಯ ಮರಳನ್ನು ಎತ್ತಿ ತಂದು ಗುಡಿಸಲುಗಳ ಹುಲ್ಲುಮಾಡಿನ ಮೇಲೂ ನೀರಿನ ಗಡಿಗೆಗಳ ಬಾಯಿಗೂ ಮಲಗಿದ್ದ ನಾಯಿಗಳ ಮೈಗೂ ಹೊದಿಸುತ್ತಿತ್ತು. ಲೆಹುಟುಟುವಿನಿಂದ ಕತ್ತೆಯ ಮೇಲೆ ಒಂದು ಹಗಲಿನ ದಾರಿಯಾದ ಆ ಊರಿಗೆ ಅದು ಮಳೆ ಕಾಣದ ನಾಲ್ಕನೆಯ ವರ್ಷ.

ಅಂದು ಮಧ್ಯಾಹ್ನ ಬೇಟೆಗಾರ ಮೊತ್ಸುಮಿ ಮೂರು ಕತ್ತೆಗಳ ಮೇಲೆ ಎಲಾಂಡ್ ಹುಲ್ಲೆಯ ಮಾಂಸವನ್ನು ಹೇರಿಕೊಂಡು ಬಂದ. ಅವನ ಹೆಂಡತಿ ಕೆಲೆಬೋನ್ಯೆ ಚಾಕು ಮಸೆದುಕೊಂಡು ಕಾದಿದ್ದಳು. ಆಗ ಅವಳಿಗೆ ಐವತ್ತೊಂದು ವರ್ಷ. ಮಾಂಸ ಒಣಗಿಸುವುದರಲ್ಲಿ ಸುತ್ತಿನ ಐದು ಊರುಗಳಲ್ಲಿ ಅವಳಿಗೆ ಸಮನಾದವರಿರಲಿಲ್ಲ. ನಾರಿನ ಜಾಡು ಹಿಡಿದು ಮೊಳದುದ್ದದ ಪಟ್ಟಿಗಳನ್ನು ಕೊಯ್ದು, ಬತ್ತಿದ ಉಪ್ಪುಕೆರೆಯಿಂದ ಕೆರೆದು ತಂದ ಉಪ್ಪನ್ನು ತಿಕ್ಕಿ, ನೆರಳಿನಲ್ಲಿ ಕಟ್ಟಿದ ಮುಳ್ಳಿನ ಚಪ್ಪರಕ್ಕೆ ಒಂದಕ್ಕೊಂದು ತಾಗದಂತೆ ತೂಗುಹಾಕುವಳು. ಪಟ್ಟಿಯ ಮೇಲೆ ನೆಣದ ಒಂದು ಎಳೆ ಉಳಿದರೂ ಸೆಕೆಗೆ ಅದು ಕಮಟು ಹಿಡಿದು ಇಡೀ ಪಟ್ಟಿಯನ್ನು ಕೆಡಿಸುತ್ತದೆಂದು ಅವಳ ತಾಯಿ ಕಲಿಸಿದ್ದಳು. ಆದ್ದರಿಂದ ಉಗುರಿನಿಂದ ಗೀರಿ ಗೀರಿ ನೆಣ ತೆಗೆಯುತ್ತಿದ್ದಳು. ಅವಳ ಸೆಗ್ವಾಪಾ, ಎಂದರೆ ಒಣಮಾಂಸ, ಎರಡು ವರ್ಷವಿಟ್ಟರೂ ಹುಳು ಬೀಳದು ಎಂಬುದು ಊರಿಗೆಲ್ಲ ಗೊತ್ತಿತ್ತು.

ಆ ಚಳಿಗಾಲದಲ್ಲಿ ಅವಳ ಚಪ್ಪರ ಒಂದು ದಿನವೂ ಬರಿದಾಗಿರಲಿಲ್ಲ. ಬಾಯಾರಿದ ಗ್ನು ಹುಲ್ಲೆಗಳು ಹಿಂಡುಹಿಂಡಾಗಿ ಬತ್ತಿದ ಕೆರೆಗಳಿಗೆ ಬಂದು ಬೀಳುತ್ತಿದ್ದವು. ಹೊಡೆಯಲು ಈಟಿಯೂ ಬೇಕಿರಲಿಲ್ಲ. ಅವುಗಳ ತೊಡೆಮೂಳೆ ಒಡೆದರೆ ಒಳಗೆ ಬಿಳಿಯ ನೆಣದ ಬದಲು ಕೆಂಪು ಲೋಳೆ ಜಾರುತ್ತಿತ್ತು. ಅದನ್ನು ನಾಯಿಗೆ ಎಸೆದು ಕೆಲೆಬೋನ್ಯೆ ಮಾಂಸವನ್ನು ಕೊಯ್ಯುತ್ತ ಹೋದಳು. ಗುಡಿಸಲಿನೊಳಗೆ ಎಂಟು ಚೀಲ ಒಣಮಾಂಸ ತುಂಬಿತ್ತು.

ಈ ಎಲಾಂಡ್ ಹಾಗಿರಲಿಲ್ಲ. ಎಲ್ಲಿ ಮೇದಿತ್ತೋ, ಎದೆಯ ಮೇಲೆ ನಾಲ್ಕು ಬೆರಳು ದಪ್ಪ ನೆಣವಿತ್ತು. ಮೂಳೆ ಕರುಳುಗಳನ್ನು ಹೊರಲಾರದೆ ಮೊತ್ಸುಮಿ ಕಾಡಿನಲ್ಲೇ ಬಿಟ್ಟಿದ್ದರಿಂದ, ಮನೆಗೆ ಬಂದ ನೆಣವೆಲ್ಲ ಎದೆಯದೇ. ಆ ವರ್ಷ ಊರು ಕಂಡ ಏಕೈಕ ಕೊಬ್ಬಿದ ಪ್ರಾಣಿ ಅದು. ಕಟ್ಟಳೆಯ ಪ್ರಕಾರ ಎದೆಭಾಗ ಊರ ಯಜಮಾನನದು. ಮನೆಯಲ್ಲಿ ಏನೇ ಇರಲಿ ಇಲ್ಲದಿರಲಿ, ಅದು ಮೊದಲು ಅಲ್ಲಿಗೆ ಹೋಗಬೇಕು. ಯಜಮಾನ ಸೆಯಾಬೆಲೊ ಕೆಲೆಬೋನ್ಯೆಯ ಒಡಹುಟ್ಟಿದ ಅಣ್ಣನೇ. ಅವನೇ ಕೋಲೂರಿಕೊಂಡು ಬಂದು ಅಂಗಳದಲ್ಲಿ ಕುಳಿತ.

"ಏನೇ ತಂಗಿ, ನನ್ನ ಸೊಸೆ ಹೇಗಿದ್ದಾಳೆ?"

"ಚೆನ್ನಾಗಿ ತಿಂತಾಳೆ ಅಣ್ಣ. ದಿನಕ್ಕೆ ಎರಡು ಬೊಗಸೆ ಮಾಂಸ."

"ಎರಡು ಬೊಗಸೆನಾ! ನಿನ್ನ ಮಾಂಸ ಅಗಿಯೋಕೆ ಅವಳಿಗೆ ಇನ್ನೂ ಹಲ್ಲಿದೆ ಅನ್ನು. ನನಗೆ ಕೊಟ್ರೆ ಚಪ್ಪಲಿ ಹೊಲಿಸ್ಕೋಬೇಕು, ಅಷ್ಟೆ."

"ಚಪ್ಪಲಿಗೇ ಅಂತ ಕೇಳಿದ್ರೂ ಕೊಡ್ತೀನಿ. ಕೇಳೋಕೆ ನಿಮಗೆ ಬಾಯಿದೆಯಲ್ಲ."

ಸೆಯಾಬೆಲೊ ಬೊಚ್ಚುಬಾಯಿ ತೆರೆದು ನಕ್ಕ. ಎದೆಭಾಗವನ್ನು ಅವನ ಆಳು ಹೆಗಲ ಮೇಲೆ ಹೊತ್ತುಕೊಂಡು ಹೋದ. ಕೆಲೆಬೋನ್ಯೆ ಅದರತ್ತ ಒಂದು ಸಲ ನೋಡಿ, ಮತ್ತೆ ಚಾಕು ಹಿಡಿದಳು.

ಸೊಸೆ ಎಂದು ಅವನು ಕೇಳಿದ್ದು ಕೆಲೆಬೋನ್ಯೆಯ ಒಬ್ಬಳೇ ಮಗಳು ಕೆನೇಲ್ವೆಯನ್ನು. ಸೆಪ್ಟೆಂಬರ್ ೧೪, ಮಂಗಳವಾರ ಅವಳಿಗೆ ಹೆಣ್ಣುಮಗು ಹುಟ್ಟಿತ್ತು. ಗಂಡ ಜೋಹಾನ್ಸ್‌ಬರ್ಗಿನ ಗಣಿಯಲ್ಲಿದ್ದ. ಬಾಣಂತಿಯ ಗುಡಿಸಲಿನ ಬಾಗಿಲಿಗೆ ಅಡ್ಡಲಾಗಿ ಮರದ ದಿಮ್ಮಿಯೊಂದನ್ನು ಇಟ್ಟಿದ್ದರು. ಅದು ಬಿದ್ದಿರುವಷ್ಟು ಕಾಲ, ಎಂದರೆ ಮೂರು ತಿಂಗಳು, ಬಾಣಂತಿಯ ತಾಯಿಯ ಹೊರತು ಯಾರೂ ಅದನ್ನು ದಾಟುವಂತಿಲ್ಲ. ಗಂಡಸರು ಆ ಕಡೆ ನೋಡುವುದೂ ಇಲ್ಲ. ಕೆಲೆಬೋನ್ಯೆ ಪ್ರಾಣಿಯ ನರದ ದಾರಕ್ಕೆ ದಿನಕ್ಕೊಂದು ಗಂಟು ಹಾಕುತ್ತ ಬಾಣಂತನದ ದಿನ ಎಣಿಸುತ್ತಿದ್ದಳು. ಎಲಾಂಡ್ ಬಂದ ದಿನ ಇಪ್ಪತ್ತಾರನೆಯ ಗಂಟು.

ಮನೆಯಲ್ಲಿದ್ದ ಜೋಳದ ಹಿಟ್ಟು ಸೆಪ್ಟೆಂಬರ್ ೨೫ಕ್ಕೆ ಮುಗಿದಿತ್ತು. ಸರ್ಕಾರದ ಹಿಟ್ಟಿನ ಲಾರಿ ಮರಳಿನಲ್ಲಿ ಎಲ್ಲೋ ಇತ್ತು. ಆಡುಗಳ ಕೆಚ್ಚಲು ಒಣಗಿತ್ತು. ಕಾಡು ಕಲ್ಲಂಗಡಿ ಆ ವರ್ಷ ಹುಟ್ಟಿರಲೇ ಇಲ್ಲ. ಒಳ್ಳೆಯ ಕಾಲದಲ್ಲಿ ಕೆಲೆಬೋನ್ಯೆ ಒಣಮಾಂಸವನ್ನು ಒರಳಿಗೆ ಹಾಕಿ ಹತ್ತಿಯಂತೆ ಬಿಡಿಬಿಡಿಯಾಗುವ ತನಕ ಕುಟ್ಟಿ, ಮೂರು ಕಾಲಿನ ಗಡಿಗೆಯಲ್ಲಿ ಸಣ್ಣ ಉರಿಗೆ ಬೇಯಿಸಿ, ಕಲ್ಲಂಗಡಿ ಬೀಜದ ಪುಡಿಯನ್ನೋ ಮೂಳೆಯ ನೆಣವನ್ನೋ ಕಲಸುತ್ತಿದ್ದಳು. ಈಗ ಕಲಸಲು ಏನೂ ಇರಲಿಲ್ಲ. ನೆಣ ಹಾಕುವುದು ರುಚಿಗೆ ಎಂದೇ ಅವಳು ತಿಳಿದಿದ್ದಳು. ಬರಗಾಲದಲ್ಲಿ ರುಚಿ ಕೇಳುವವರಾರು? ಹೊರಗೆ ಓಡಾಡುವವರು ಗೆಡ್ಡೆ ಅಗೆದೋ ಗೆದ್ದಲು ಹುರಿದೋ ಮರದ ಹುಳು ಹೆಕ್ಕಿಯೋ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ದಿಮ್ಮಿಯ ಒಳಗಿದ್ದವಳಿಗೆ ತಾಯಿ ಆರಿಸಿ ಆರಿಸಿ ಕೊಟ್ಟ ಶುದ್ಧವಾದ ಕೆಂಪು ಮಾಂಸ ಮಾತ್ರ.

ಅಕ್ಟೋಬರ್ ೧೫ರ ಹೊತ್ತಿಗೆ ಕೆನೇಲ್ವೆಗೆ ಭೇದಿ ಶುರುವಾಯಿತು. ಹೊಟ್ಟೆ ಉಬ್ಬಿತು, ತೋಳು ಸಣಕಲಾಯಿತು. ಬೊಗಸೆ ತುಂಬ ತಿಂದವಳು ಗಡಿಗೆ ಕೆಳಗಿಡುವಷ್ಟರಲ್ಲಿ ಮತ್ತೆ ಹಸಿವೆನ್ನುವಳು.

"ಅವ್ವಾ, ಹೊಟ್ಟೆ ಬಿರಿಯೋ ಹಾಗಾಗಿದೆ. ಆದ್ರೂ ಹಸಿವು."

"ಎರಡು ಜೀವಕ್ಕೆ ತಿನ್ನೋಳು ನೀನು, ಹಸಿವಾಗದೆ ಏನಾಗತ್ತೆ? ಇನ್ನೊಂದು ಮುಷ್ಟಿ ತಿನ್ನು."

"ಮಾಂಸ ಬೇಡ ಅವ್ವಾ. ಬೇರೆ ಏನಾದ್ರೂ..."

"ಬೇರೆ ಏನಿದೆ ಮಗಳೇ? ಮರಳು ಕೊಡ್ಲಾ?"

ಎರಡು ಬೊಗಸೆ ಮೂರಾಯಿತು, ಮೂರು ನಾಲ್ಕಾಯಿತು. ಮಗಳು ಕರಗಿದಷ್ಟೂ ತಾಯಿ ಹೆಚ್ಚು ಕುಟ್ಟಿದಳು. ದಿಮ್ಮಿಯ ಆಚೆ ನಿಂತು ವಿಚಾರಿಸಿದವರಿಗೆಲ್ಲ ಅವಳದು ಒಂದೇ ಉತ್ತರ: "ದೇವರು ದೊಡ್ಡವನು, ಚೆನ್ನಾಗಿ ತಿಂತಾಳೆ."

ಅವರ ಮನೆಯ ನೀರು ಹೊತ್ತು ಬಟ್ಟೆ ಒಗೆಯುತ್ತಿದ್ದವಳು ಕೋಬಾ ಎಂಬ ಮುದುಕಿ. ಊರಿನವರು ಕೀಳೆಂದು ಕಾಣುವ ಕಾಡಿನ ಬಸಾರ್ವಾ ಜನದವಳು. ಊರಂಚಿನ ಪೊದೆಗಳ ಬಳಿ ಮಗಳೊಂದಿಗೆ ಬಿಡಾರ ಹೂಡಿದ್ದಳು. ಅಕ್ಟೋಬರ್ ೨೦, ಬುಧವಾರ ಬೆಳಿಗ್ಗೆ ಅವಳು ಬಾಣಂತಿಯ ಬಟ್ಟೆಗಳನ್ನು ಕೆಳಗಿಟ್ಟು, ಹೋಗದೆ ನಿಂತಳು.

"ಮ್ಮಾ-ಕೆನೇಲ್ವೆ, ಈ ಬಟ್ಟೆ ನೋಡಿದ್ರೆ ನನಗೆ ಹೆದರಿಕೆ ಆಗತ್ತೆ," ಎಂದಳು, ತಾಯಿಯನ್ನು ಮಗಳ ಹೆಸರಿನಿಂದ ಕರೆಯುವ ಆ ಊರಿನ ರೂಢಿಯಂತೆ.

"ಒಗೆಯೋಕೆ ಸೋಮಾರಿತನ ಅಂತ ಹೇಳು."

"ಒಗೀತೀನಿ, ಅದಲ್ಲ. ಚಳಿಗಾಲದಲ್ಲಿ ಆ ಗ್ನು ಮೂಳೆ ಒಡೆದ್ರಲ್ಲ, ಒಳಗೆ ಏನಿತ್ತು?"

"ಕೆಂಪು ನೀರು. ನಾಯಿಗೆ ಹಾಕಿದೆ."

"ಹಂಗಿದ್ರೆ ನಮ್ಮೋರು ಆ ಪ್ರಾಣಿನ ಅಲ್ಲೇ ಬಿಟ್ಟು ಬರ್ತಾರೆ. ಅದರಲ್ಲಿ ಬಿಳೀದು ಇರಲ್ಲ. ಬರೀ ಕೆಂಪು ತಿಂದ್ರೆ ಹೊಟ್ಟೆ ತುಂಬತ್ತೆ, ಹಸಿವು ಹೋಗಲ್ಲ. ಕೂತಲ್ಲೇ ಮನುಷ್ಯ ಕರಗಿ ಹೋಗ್ತಾನೆ. ನನ್ನ ತಮ್ಮ ಹಂಗೇ ಹೋದ."

ಕೆಲೆಬೋನ್ಯೆ ಒನಕೆ ನಿಲ್ಲಿಸಿದಳು. "ನನ್ನ ಮಾಂಸ ಕೆಟ್ಟಿದೆ ಅಂತೀಯಾ?"

"ಕೆಟ್ಟಿಲ್ಲ. ನಿಮ್ಮಷ್ಟು ಚೊಕ್ಕಟವಾಗಿ ಯಾರು ಒಣಗಿಸ್ತಾರೆ? ಅದಕ್ಕೇ ಹೇಳ್ತಿರೋದು."

ಮುದುಕಿ ಹೊದಿಕೆಯ ಅಂಚಿನ ಗಂಟು ಬಿಚ್ಚಿ ಮೊರಾಮಾ ಎಂಬ ಕಾಡುಬಳ್ಳಿಯ ಹುರಿದ ಕಾಳುಗಳನ್ನು ಅಂಗೈಯಲ್ಲಿ ಹಿಡಿದು ಚಾಚಿದಳು. ಹದಿನೈದಿಪ್ಪತ್ತು ಕಾಳು, ಬೆರಳಿಗೆ ಎಣ್ಣೆ ಹತ್ತುತ್ತಿತ್ತು. "ಇದನ್ನ ಕುಟ್ಟಿ ಅವಳಿಗೆ ಕೊಡಿ. ಇಲ್ಲ, ಅಣ್ಣನವರ ಮನೆಯಿಂದ ಎಲಾಂಡ್ ನೆಣ ತರಿಸಿ."

"ಬಾಣಂತಿಗೆ ಕಂಡವರ ಕೈಯಿಂದ ಈಸ್ಕೊಂಡು ತಿನ್ನಿಸೋ ಗತಿ ನನಗಿನ್ನೂ ಬಂದಿಲ್ಲ. ತಗೊಂಡು ಹೋಗು."

ಕೋಬಾ ಕಾಳುಗಳನ್ನು ಮತ್ತೆ ಗಂಟು ಕಟ್ಟಿಕೊಂಡು ಹೋದಳು.

ನೆಣದ ಮಾತು ಕೆಲೆಬೋನ್ಯೆಯ ತಲೆಗೆ ಹೋಗಲಿಲ್ಲವೆಂದಲ್ಲ. ಅವಳನ್ನು ತಡೆದದ್ದು ಬೇರೆ. ೧೯೬೨ನೆಯ ಇಸವಿ ಜೂನ್ ೧೬, ಶನಿವಾರ ನಡೆದ ಊರಸಭೆಯಲ್ಲಿ, ಹಾಸಿಗೆ ಹಿಡಿದಿದ್ದ ಅತ್ತೆಗೆಂದು ಅವಳು ಯಜಮಾನನಿಗೆ ಸಂದ ಎದೆಭಾಗದಿಂದ ಒಂದು ತುಂಡು ಕೇಳಿದ್ದಳು. ತುಂಡನ್ನು ಕೊಟ್ಟ ಸೆಯಾಬೆಲೊ ನಲವತ್ತು ಗಂಡಸರ ಮುಂದೆ, "ನಮ್ಮ ತಂಗಿ ಮನೆಯೋರು ಬಲಗೈಲಿ ಕೊಟ್ಟು ಎಡಗೈ ಚಾಚ್ತಾರೆ ನೋಡ್ರಪ್ಪಾ" ಎಂದಿದ್ದ. ಸಭೆಯೆಲ್ಲ ನಕ್ಕಿತು. ಮೊತ್ಸುಮಿ ತಲೆ ತಗ್ಗಿಸಿಕೊಂಡು ಮನೆಗೆ ಬಂದ. ಅಂದಿನಿಂದ ಆ ಮನೆಗೆ ಕೊಡುವುದಲ್ಲದೆ ಕೇಳುವುದಿಲ್ಲವೆಂದು ಅವಳು ಮನಸ್ಸಿನಲ್ಲೇ ಗಂಟು ಹಾಕಿಕೊಂಡಿದ್ದಳು.

ಹೀಗೆ ಮತ್ತೆ ಹನ್ನೆರಡು ದಿನ ಕಳೆದವು. ಮೊತ್ಸುಮಿ ನೆಣವಿರುವ ಪ್ರಾಣಿಯನ್ನು ಹುಡುಕಿಕೊಂಡು ಎರಡು ಸಲ ಹೋಗಿ ಬರಿಗೈಯಲ್ಲಿ ಬಂದ. ದಿಮ್ಮಿಯ ಹೊರಗೆ ನಿಂತು, "ಹೇಗಿದ್ದಾಳೆ?" ಎಂದು ಕೇಳಿದ.

"ಹಾಲು ಕಡಿಮೆ ಆಗಿದೆ," ಎಂದಳು ಕೆಲೆಬೋನ್ಯೆ. ಗಂಡನಿಗೂ ಅಷ್ಟೇ ಹೇಳಿದಳು.

ನವೆಂಬರ್ ೧, ಸೋಮವಾರ ಸಂಜೆ ಗಡಿಗೆ ಹಿಡಿದು ಒಳಗೆ ಹೋದವಳು ಬಾಗಿಲಲ್ಲೇ ನಿಂತುಬಿಟ್ಟಳು. ಮಗುವನ್ನು ಬೆನ್ನಿಗೆ ಕಟ್ಟುವ ಚರ್ಮದ ಜೋಳಿಗೆಯ ಅಂಚನ್ನು ಕೆನೇಲ್ವೆ ಬಾಯಿಗಿಟ್ಟುಕೊಂಡು ಚೀಪುತ್ತಿದ್ದಳು. ಅದು ಕೆನೇಲ್ವೆಯನ್ನೇ ಹೊತ್ತು ಬೆಳೆಸಿದ ಜೋಳಿಗೆ. ಮೆದುವಾಗಲೆಂದು ಕೆಲೆಬೋನ್ಯೆ ವರ್ಷ ವರ್ಷವೂ ಅದಕ್ಕೆ ನೆಣ ತಿಕ್ಕಿದ್ದಳು. ಚೀಪಿದ ಅಂಚು ಬೆಳ್ಳಗೆ ಸುಕ್ಕಾಗಿತ್ತು. ಪಕ್ಕದಲ್ಲಿ ಮಗು ದನಿಯಿಲ್ಲದೆ ಬಾಯಿ ತೆರೆದು ಮುಚ್ಚುತ್ತಿತ್ತು.

"ಎಷ್ಟು ದಿನದಿಂದ ಹೀಗೆ ಮಾಡ್ತಿದ್ದೀಯೇ?"

"ಗೊತ್ತಿಲ್ಲ ಅವ್ವಾ. ಚೆನ್ನಾಗಿದೆ."

ಮರುದಿನ ನಸುಕಿನಲ್ಲಿ, ನಲವತ್ತೊಂಬತ್ತು ಗಂಟುಗಳ ದಾರವನ್ನು ಮುಷ್ಟಿಯಲ್ಲಿ ಹಿಡಿದು, ಕೆಲೆಬೋನ್ಯೆ ಅಣ್ಣನ ಅಂಗಳಕ್ಕೆ ಹೋಗಿ ಮಂಡಿಯೂರಿ ಕುಳಿತಳು. ಸೆಯಾಬೆಲೊ ಬೂದಿಯಲ್ಲಿ ಕೈ ಕಾಯಿಸುತ್ತಿದ್ದ.

"ಅಣ್ಣ, ಎಡಗೈ ಚಾಚೋಕೆ ಬಂದಿದ್ದೀನಿ."

"ಏನು ಮಾತೇ ಅದು? ಎದ್ದೇಳು."

"ಎಲಾಂಡ್ ನೆಣ ಬೇಕು. ಕೆನೇಲ್ವೆ ಹೋಗ್ತಿದ್ದಾಳೆ."

ಮುದುಕ ಅವಳ ಮುಖವನ್ನೇ ನೋಡಿದ. "ಎಲ್ಲಿಗೆ ಹೋಗ್ತಿದ್ದಾಳೆ? ದಿನಕ್ಕೆ ಎರಡು ಬೊಗಸೆ ತಿಂತಾಳೆ ಅಂದೆಯಲ್ಲ! ಊರಿಗೆಲ್ಲ ಹಾಗಂತ ಹೇಳ್ಕೊಂಡು ಬಂದೆಯಲ್ಲ!"

ಅವನು ಕೋಲಿನಿಂದ ಸೂರಿನ ಕಡೆ ತೋರಿಸಿದ. ಕರಗಿಸಿದ ನೆಣವನ್ನು ತುಂಬಿದ ಚರ್ಮದ ಚೀಲ ಅಲ್ಲಿ ತೂಗುತ್ತಿತ್ತು. ಅದರ ಬಾಯಿಗೆ ಕಟ್ಟಿದ ದಾರವನ್ನು ಯಾರೂ ಬಿಚ್ಚಿರಲಿಲ್ಲ.

"ಇಪ್ಪತ್ತನಾಲ್ಕು ದಿನದಿಂದ ಅಲ್ಲೇ ನೇತಾಡ್ತಿದೆ ಕಣೇ. ಮಳೆ ಬಂದ ದಿನ ಊರಿಗೆಲ್ಲ ಹಂಚೋಣ ಅಂತ ಇಟ್ಟಿದ್ದೆ. ಒಂದು ಮಾತು ಕೇಳಿದ್ರೆ ಆಗ್ತಿರಲಿಲ್ವಾ?"

"ಸಭೆಯಲ್ಲಿ ಅಷ್ಟು ಜನರ ಮುಂದೆ ಅಂದಿದ್ರಿ. ಬಲಗೈಲಿ ಕೊಟ್ಟು ಎಡಗೈ ಚಾಚ್ತಾರೆ ಅಂತ."

"ನಾನಾ? ಯಾವಾಗ ಅಂದೆ?"

ಅವನಿಗೆ ನಿಜವಾಗಿಯೂ ನೆನಪಿರಲಿಲ್ಲ.

ಕೆಲೆಬೋನ್ಯೆ ಚೀಲವನ್ನು ಎದೆಗವಚಿಕೊಂಡು ಓಡಿದಳು. ನೆಣವನ್ನು ಬಿಸಿನೀರಿನಲ್ಲಿ ಕದಡಿ ಮಗಳ ತುಟಿಗೆ ಹಿಡಿದಳು. ಕೆನೇಲ್ವೆ ಆಸೆಯಿಂದ ಕುಡಿದಳು, ಕುಡಿದದ್ದನ್ನೆಲ್ಲ ಕಾರಿಕೊಂಡಳು. ಮತ್ತೆ ಕೊಟ್ಟಳು, ಮತ್ತೆ ಕಾರಿಕೊಂಡಳು. ಬೆರಳಿನಲ್ಲಿ ಅದ್ದಿ ನಾಲಿಗೆಗೆ ಸವರಿದರೆ ಮಾತ್ರ ಉಳಿಯುತ್ತಿತ್ತು. ಆ ದಿನ ಸೆಯಾಬೆಲೊ ಬಂದು, ದಿಮ್ಮಿಯನ್ನು ತಾನೇ ಎತ್ತಿ ಪಕ್ಕಕ್ಕಿಟ್ಟು ಒಳಗೆ ಕಾಲಿಟ್ಟ. ಗಂಡಸು ಬಾಣಂತಿಯ ಗುಡಿಸಲನ್ನು ಹೊಕ್ಕದ್ದನ್ನು ಕಂಡು ಹೆಂಗಸರು ಬಾಯಿಗೆ ಕೈ ಹಿಡಿದರು. ಒಳಗಿದ್ದವಳನ್ನು ನೋಡಿದ ಮೇಲೆ ಅವನು ಹೊರಗೆ ಬಂದು, ಆ ದಿಮ್ಮಿಯ ಮೇಲೆಯೇ ಕುಳಿತ.

ಕೋಬಾಳ ಮಗಳಿಗೆ ಎಂಟು ತಿಂಗಳ ಕೂಸಿತ್ತು. ಅವಳನ್ನು ಯಾರೂ ಕರೆಯಲಿಲ್ಲ. ತಾನಾಗಿ ಬಂದು, ಕೆನೇಲ್ವೆಯ ಮಗುವನ್ನು ಎತ್ತಿ ಎದೆಗಿಟ್ಟುಕೊಂಡಳು. ಕೆಲೆಬೋನ್ಯೆ ನೋಡಿದಳು, ಬೇಡವೆನ್ನಲಿಲ್ಲ.

"ಮ್ಮಾ-ಕೆನೇಲ್ವೆ, ನೀವೂ ಏನಾದ್ರೂ ತಿನ್ನಿ," ಎಂದಳು ಕೋಬಾ.

"ಮನೇಲಿ ಎಂಟು ಚೀಲ ಇದೆ," ಎಂದಳು ಕೆಲೆಬೋನ್ಯೆ. ಆಮೇಲೆ ಕೈ ಚಾಚಿ, "ಆ ಕಾಳು ಉಳಿದಿದ್ರೆ ಕೊಡು," ಎಂದಳು.

ಕೆನೇಲ್ವೆ ೧೯೬೫ನೆಯ ಇಸವಿ ನವೆಂಬರ್ ೫, ಶುಕ್ರವಾರ ಮಧ್ಯಾಹ್ನ ತೀರಿಕೊಂಡಳು. ಅವಳಿಗೆ ಇಪ್ಪತ್ತೆರಡು ವರ್ಷ. ಹಿಟ್ಟಿನ ಲಾರಿ ನವೆಂಬರ್ ೧೯, ಶುಕ್ರವಾರ ಊರಿಗೆ ಬಂತು. ಮೊದಲ ಮಳೆ ೧೯೬೬ನೆಯ ಇಸವಿ ಜನವರಿ ೧೮, ಮಂಗಳವಾರ ಬಿತ್ತು. ಗಣಿಯಲ್ಲಿದ್ದ ಗಂಡನಿಗೆ ಸುದ್ದಿ ತಲುಪಿದ್ದು ಫೆಬ್ರವರಿಯಲ್ಲಿ, ಅವನು ಹಿಂದಿರುಗಲಿಲ್ಲ. ಮಗು ಬದುಕಿತು. ಹದಿನಾಲ್ಕು ತಿಂಗಳು ಕೋಬಾಳ ಮಗಳ ಹಾಲು ಕುಡಿದು, ಆಮೇಲೆ ಅಜ್ಜಿಯ ಮನೆಯಲ್ಲಿ ಬೆಳೆಯಿತು. ಎಂಟು ಚೀಲಗಳಲ್ಲಿ ಆರನ್ನು ಕೆಲೆಬೋನ್ಯೆ ಆ ಡಿಸೆಂಬರಿನಲ್ಲಿ ಮರಳಿನಲ್ಲಿ ಹೂಳಿಸಿದಳು. ಅವಳು ಮತ್ತೆ ಚಾಕು ಹಿಡಿದದ್ದು ೧೯೬೭ನೆಯ ಇಸವಿ ಮೇ ತಿಂಗಳಲ್ಲಿ. ಅಂದಿನಿಂದ ಎದೆಭಾಗವನ್ನು ಯಜಮಾನನ ಮನೆಗೆ ಕಳುಹಿಸುವ ಮೊದಲು ಅಂಗೈಯಗಲದ ನೆಣವನ್ನು ಕೊಯ್ದು, ಊರಿನಲ್ಲಿ ಯಾವ ಬಾಗಿಲಿಗೆ ದಿಮ್ಮಿ ಬಿದ್ದಿದೆಯೋ ಆ ಮನೆಗೆ ಕೊಡುತ್ತಿದ್ದಳು. ಸೆಯಾಬೆಲೊ ಬದುಕಿರುವ ತನಕ ಆ ಬಗ್ಗೆ ಏನೂ ಕೇಳಲಿಲ್ಲ. ಅವನು ೧೯೭೧ನೆಯ ಇಸವಿ ಆಗಸ್ಟಿನಲ್ಲಿ ಸತ್ತ. ಕೆಲೆಬೋನ್ಯೆ ಸತ್ತದ್ದು ೧೯೮೮ನೆಯ ಇಸವಿ ಜುಲೈ ೩, ಭಾನುವಾರ. ಅವಳ ಪೆಟ್ಟಿಗೆಯಲ್ಲಿ ಐವತ್ತೆರಡು ಗಂಟುಗಳ ನರದ ದಾರವೊಂದಿತ್ತು.