ಅಡ್ಡಗೀಟಿನ ಕೆಳಗಿದ್ದ ಸರಿ ಉತ್ತರ

ಕೊರೊನಾ ಬರುವುದಕ್ಕೆ ನಾಲ್ಕು ವರ್ಷ ಮುಂಚಿನ ಮಾತು. ನಾಗಮಂಗಲ ತಾಲ್ಲೂಕು ಹೊಣಕೆರೆ ಹೋಬಳಿಯ ಒಂದು ಸರ್ಕಾರಿ ಪ್ರೌಢಶಾಲೆಗೆ ನಾನು ಮುಖ್ಯೋಪಾಧ್ಯಾಯ. ಅರವತ್ತೊಂದು ಮಕ್ಕಳು, ಐವರು ಶಿಕ್ಷಕರು, ಒಂದು ಗಂಟೆ. ಗಣಿತದ ಹುದ್ದೆ ಖಾಲಿ ಇದ್ದುದರಿಂದ ಆ ಪಾಠವೂ ನನ್ನದೇ. ಗಂಟೆ ಬಾರಿಸುವ ಅಧಿಕಾರವನ್ನು ಮಾತ್ರ ನಾನು ಯಾರಿಗೂ ವಹಿಸಿರಲಿಲ್ಲ. ಮುಖ್ಯೋಪಾಧ್ಯಾಯನ ಮಾತನ್ನು ಊರು ಕೇಳುತ್ತಿದ್ದುದು ಅದೊಂದರ ಮೂಲಕವೇ.

ಜೂನ್ ತಿಂಗಳಲ್ಲಿ ಟ್ರಾಕ್ಟರು ಡ್ರೈವರ್ ಬೋರೇಗೌಡ ಮಗಳನ್ನು ಎಂಟನೇ ತರಗತಿಗೆ ಸೇರಿಸಲು ಬಂದ. ಸಿಂಚನ, ವರ್ಷಿಣಿ, ಹರ್ಷಿತಾಗಳಿಂದ ತುಂಬಿದ್ದ ದಾಖಲಾತಿ ಪುಸ್ತಕದಲ್ಲಿ ಅವಳ ಹೆಸರನ್ನು ಬರೆದುಕೊಂಡೆ: ತಿಪ್ಪಮ್ಮ.

“ದಡ್ಡ ಮುಂಡೇದು ಸಾ ಇದು. ತಲೇಲಿ ಬರೀ ಜೇಡಿಮಣ್ಣು. ಪಾಸಾದ್ರೆ ನಿಮ್ ಪುಣ್ಯ, ಇಲ್ದಿದ್ರೆ ಮನೇಲಿ ಎಮ್ಮೆ ಐತೆ.”

ಮಕ್ಕಳನ್ನು ಹೀಗೆ ಪರಿಚಯ ಮಾಡಿಕೊಡುವುದು ನಮ್ಮ ಕಡೆ ಒಂದು ಬಗೆಯ ವಿನಯ. ಹುಡುಗಿ ತನ್ನ ಕಾಲ್ಬೆರಳುಗಳನ್ನು ನೋಡುತ್ತಾ ನಿಂತಿದ್ದಳು. ನಾನು ತಕ್ಕ ಗಾಂಭೀರ್ಯದಿಂದ ರುಜು ಹಾಕಿದೆ.

ಮೊದಲ ಕಿರುಪರೀಕ್ಷೆಯಲ್ಲಿ ತಿಪ್ಪಮ್ಮನಿಗೆ ಇಪ್ಪತ್ತೈದಕ್ಕೆ ನಾಲ್ಕು ಬಂತು. ಉತ್ತರ ಪತ್ರಿಕೆಯನ್ನು ಪಕ್ಕಕ್ಕಿಡುವಾಗ ಕೊನೆಯ ಪುಟ ಕಣ್ಣಿಗೆ ಬಿತ್ತು. ಅಲ್ಲಿ ಪೆನ್ಸಿಲಿನಲ್ಲಿ ಎಲ್ಲ ಲೆಕ್ಕಗಳನ್ನೂ ಮಾಡಿದ್ದಳು, ಎಲ್ಲವೂ ಸರಿ. ಮುಂದಿನ ಪುಟಗಳಲ್ಲಿ ಉತ್ತರದ ಜಾಗ ಹೆಚ್ಚುಕಡಿಮೆ ಖಾಲಿ.

ಕರೆದು ಕೇಳಿದೆ. “ಇಲ್ಲಿ ಸರಿಯಾಗಿ ಮಾಡಿದ್ದೀಯಲ್ಲಮ್ಮ, ಅಲ್ಲಿ ಯಾಕೆ ಬರೀಲಿಲ್ಲ?”

“ನಾ ಮಾಡಿದ್ದಲ್ವಾ ಸಾ,” ಎಂದಳು. “ತಪ್ಪಾಗಿರ್ತದೆ ಅಂತ.”

ಮಾರನೆಯ ದಿನ ಬೋರೇಗೌಡನಿಗೆ ಹೇಳಿ ಕಳಿಸಿದೆ. ಕೊಠಡಿಗೆ ಬಂದವನು ಮಗಳು ಹತ್ತಿರದಲ್ಲಿಲ್ಲ ತಾನೇ ಎಂದು ಬಾಗಿಲಾಚೆ ಎರಡು ಸಲ ಬಗ್ಗಿ ನೋಡಿ, ಆಮೇಲೆ ಕೂತ. ಅವಳು ಹೇಳಿದ್ದನ್ನು ತಿಳಿಸಿ, ಮಗಳನ್ನು ಯಾಕೆ ದಡ್ಡಿ ಅನ್ನುತ್ತೀಯ ಎಂದು ಕೇಳಿದೆ.

“ಇವ್ಳ್ಗಿಂತ ಮುಂಚೆ ಇಬ್ರಿದ್ರು ಸಾ. ದೊಡ್ಡೋನು ಮೂರ್ ವರ್ಸಕ್ಕೇ ಬಸ್ಸಿನ ಬೋರ್ಡು ಓದೋನು. ನನ್ ಮಗ ನೋಡ್ರಲಾ ಅಂತ ಎಗಲ್ ಮೇಲೆ ಕೂರುಸ್ಕೊಂಡು ಊರೆಲ್ಲಾ ಮೆರೆದೆ. ಎರಡ್ ದಿನದ ಜ್ವರ. ಒಂಟೋದ. ಅವ್ನ ಇಂದೆ ಹುಟ್ಟಿದ್ದೂ ಉಳೀನಿಲ್ಲ.”

ಮಕ್ಕಳು ಉಳಿಯದ ಮನೆಯಲ್ಲಿ ಆಮೇಲೆ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ, ಪಕ್ಕದ ಮನೆಯವರಿಂದ ಎತ್ತಿಸಿಕೊಂಡು, ತಿಪ್ಪಮ್ಮನೆಂದೋ ತಿಪ್ಪಯ್ಯನೆಂದೋ ಹೆಸರಿಡುವ ಪದ್ಧತಿ ಇದೆ. ಬೇಡವೆಂದು ಬಿಸಾಡಿದ್ದರ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ ಎಂಬ ನಂಬಿಕೆ. ಬೋರೇಗೌಡ ಅದಕ್ಕೆ ತನ್ನದೊಂದು ಕಟ್ಟಲೆ ಸೇರಿಸಿದ್ದ: ತನ್ನ ಬಾಯಿಂದ ಈ ಮಗಳ ಬಗ್ಗೆ ಒಂದೂ ಒಳ್ಳೆಯ ಮಾತು ಬರಕೂಡದು.

ಆಮೇಲೆ ಅಂಗಿಯ ಜೇಬಿನಿಂದ ಪ್ಲಾಸ್ಟಿಕ್ ಕವರು ತೆಗೆದ. ಡ್ರೈವಿಂಗ್ ಲೈಸೆನ್ಸಿನ ಹಿಂದೆ ಬೀಡಿ ಕಟ್ಟಿನ ಕಾಗದವೊಂದು ನಾಲ್ಕು ಮಡಿಕೆಯಾಗಿ ಕೂತಿತ್ತು. ಅದರ ಮೇಲೆ ಮಗುವಿನ ಕೈಯ ಅಂಕಿಗಳು.

“ಒಂಬತ್ ವರ್ಸದೋಳು ಮಾಡಿದ್ ಲೆಕ್ಕ ಸಾ. ಮೂರು ಗದ್ದೆ ಕಬ್ಬು ಎಷ್ಟು ಲೋಡಾಯ್ತದೆ ಅಂತ. ಅನ್ನೊಂದು ಅಂದ್ಲು. ಲೋಡ್ ಒಡುದ್ಬುಟ್ಟು ನೋಡ್ತೀನಿ, ಅನ್ನೊಂದೇ!” ದನಿ ಇಳಿಯಿತು. “ಅವ್ಳ್ಗೆ ಮಾತ್ರ ತಪ್ಪು, ವೋಗಲೇ ದಡ್ಡಿ ಅಂದ್ಬುಟ್ಟೆ. ಬಲೇ ಚುರ್ಕು ಕಣ್ ಸಾ ನನ್ ಮಗ್ಳು. ಅವ್ಳ್ಗೆ ಯೋಳ್ಬ್ಯಾಡಿ. ನಿಮ್ ಕಾಲ್ಗೆ ಬೀಳ್ತೀನಿ.”

ಕದ್ದ ಮಾಲು ತೋರಿಸಿದವನಂತೆ ಕಾಗದವನ್ನು ಮತ್ತೆ ಬಚ್ಚಿಟ್ಟುಕೊಂಡ.

ನಾನು ವಿಜ್ಞಾನ ಪದವೀಧರ. ದೃಷ್ಟಿದೋಷವನ್ನು ಖಂಡಿಸಿ ಶಿಕ್ಷಕರ ಸಭೆಯಲ್ಲಿ ಮುಕ್ಕಾಲು ಗಂಟೆ ಭಾಷಣ ಮಾಡಿದವನು. ನಿಂಬೆಹಣ್ಣು ಕಟ್ಟಿದ ನನ್ನ ಸ್ಕೂಟರು ಆಗ ಸಭೆಯ ಹೊರಗೆ ನಿಂತಿತ್ತು. ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಅಪ್ಪನ ನೋವಿಗೆ ಮರ್ಯಾದೆ ಕೊಟ್ಟೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೆ. ನಿಜ ಬೇರೆ. ಹೇಳಿ, ಆಮೇಲೆ ಹುಡುಗಿಗೆ ಏನಾದರೂ ಆದರೆ ಎಂದು ನನಗೂ ಭಯವಿತ್ತು.

ಅಪ್ಪ ಆಡದ ಮಾತಿಗೆ ಬದಲಾಗಿ ಹೊಗಳಿಕೆಯನ್ನು ನಾನೇ ಗುತ್ತಿಗೆ ಹಿಡಿದೆ. ಪಕ್ಕದಲ್ಲಿ ಕೂತು ‘ಬರಿ, ಸರಿ ಇದೆ’ ಎಂದರೆ ಇಪ್ಪತ್ತೈದಕ್ಕೆ ಇಪ್ಪತ್ತೆರಡು ತೆಗೆಯುತ್ತಿದ್ದಳು. ಎದ್ದು ಹೋದರೆ ರಬ್ಬರು ಕೈಗೆ ಬರುತ್ತಿತ್ತು. “ನೀವು ಎಲ್ರುಗೂ ಅಂಗೇ ಅಂತೀರ ಬುಡಿ ಸಾ,” ಎಂದು ನಗುತ್ತಿದ್ದಳು. ಎತ್ತಿ ಬೆಳೆಸಿದ ಅಪ್ಪನಿಗಿಂತ ಮೇಷ್ಟರಿಗೆ ಹೆಚ್ಚು ಗೊತ್ತಿರಲು ಸಾಧ್ಯವೇ?

ಅವಳು ಹತ್ತನೇ ತರಗತಿಯಲ್ಲಿದ್ದ ಜನವರಿಯಲ್ಲಿ, ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬಿನ ಗಾಡಿಗಳ ಸಾಲಿನಲ್ಲಿ ಸರದಿಗೆ ಕಾಯುತ್ತಾ ಕೂತಿದ್ದ ಬೋರೇಗೌಡ ಸ್ಟೇರಿಂಗಿನ ಮೇಲೆ ಒರಗಿದವನು ಏಳಲಿಲ್ಲ. ಹೃದಯಾಘಾತ.

ಹನ್ನೊಂದನೇ ದಿನದ ತಿಥಿಗೆ ಹೋಗಿ ತಿಪ್ಪಮ್ಮನನ್ನು ಹಿತ್ತಲಿಗೆ ಕರೆದು ಎಲ್ಲವನ್ನೂ ಹೇಳಿದೆ. ಹನ್ನೊಂದು ಲೋಡು, ಬೀಡಿ ಕಾಗದ, ಬಲೇ ಚುರ್ಕು ಎಂದದ್ದು. ಅಪ್ಪನ ಅಂಗಿ ಎಲ್ಲಿ ಎಂದು ಕೇಳಿದೆ.

“ಮೈಮೇಲಿದ್ದುದ್ನೆಲ್ಲ ಸುಡುಗಾಡಲ್ಲೇ ಬುಟ್ಟು ಬಂದ್ರು ಸಾ.”

ಆಮೇಲೆ ಅವಳೇ ಕೇಳಿದಳು: “ನಂಗೆ ಸಮಾದಾನ ಆಗ್ಲಿ ಅಂತ ಯೋಳ್ತಾ ಇದ್ದೀರ ಅಲ್ವಾ ಸಾ?”

“ಇಲ್ಲ ಕಣಮ್ಮ, ನಿಜ.”

“ಅಂಗಾದ್ರೆ ಎರಡೂವರೆ ವರ್ಸದಿಂದ ನಿಮ್ಗೆ ಗೊತ್ತಿತ್ತಾ? ಅವಾಗ್ಲೇ ಯೋಳಿದ್ರೆ ಅಪ್ಪನ್ನೇ ಒಂದ್ ಮಾತು ಕೇಳ್ಬೋದಿತ್ತು.”

ಪಬ್ಲಿಕ್ ಪರೀಕ್ಷೆಯ ಗಣಿತದಲ್ಲಿ ಅವಳಿಗೆ ಬಂದದ್ದು ಎಂಬತ್ತಕ್ಕೆ ಇಪ್ಪತ್ತೊಂಬತ್ತು, ಬರೀ ಪಾಸು. ಅರ್ಜಿ ಹಾಕಿ ಉತ್ತರ ಪತ್ರಿಕೆಯ ನಕಲು ತರಿಸಿದೆ. ಎಂಟು ಉತ್ತರಗಳು ಪೂರ್ತಿ ಸರಿ, ಒಟ್ಟು ಇಪ್ಪತ್ನಾಲ್ಕು ಅಂಕದವು. ಎಂಟರ ಮೇಲೂ ಅವಳೇ ಸ್ಕೇಲು ಹಿಡಿದು ಅಡ್ಡಗೀಟು ಎಳೆದಿದ್ದಳು. ಹೊಡೆದು ಹಾಕಿದ್ದನ್ನು ಮೌಲ್ಯಮಾಪಕರು ನೋಡುವುದಿಲ್ಲ, ನೋಡಲೂಬಾರದು. ಪತ್ರಿಕೆಯನ್ನು ತೋರಿಸಿ ಕಾಲೇಜು ಸೇರು ಎಂದೆ. “ಓದು ನನ್ನಂತೋರ್ಗಲ್ಲ ಬುಡಿ ಸಾ,” ಎಂದಳು.

ಮೂವತ್ನಾಲ್ಕು ವರ್ಷದ ನೌಕರಿಯಲ್ಲಿ ನಾನು ಕಲಿತದ್ದು ಸ್ವಲ್ಪ, ಅದೂ ತಡವಾಗಿ. ತಂದೆತಾಯಿ ಮಕ್ಕಳ ಬಗ್ಗೆ ಪಡುವ ಹೆಮ್ಮೆಯನ್ನು ಜೇಬಿನಲ್ಲಿ ಇಟ್ಟುಕೊಳ್ಳಬಾರದು. ಮಗುವಿನ ಕಿವಿಗೇ ಹಾಕಬೇಕು. ಆ ಮಾತಿಗೆ ಮೇಷ್ಟರ ಬಾಯಿ ಬದಲಿಯಾಗುವುದಿಲ್ಲ.

ನಿವೃತ್ತನಾಗಿ ಕೆ.ಆರ್. ಪೇಟೆಯಲ್ಲಿದ್ದೇನೆ. ಹೋದ ವರ್ಷ ಹೆಂಡತಿಯ ಜೊತೆ ಹೊಸಹೊಳಲಿನ ಒಂದು ಟೈಲರ್ ಅಂಗಡಿಗೆ ಹೋದಾಗ ಯಂತ್ರದ ಹಿಂದೆ ಕೂತಿದ್ದವಳು ತಿಪ್ಪಮ್ಮ. ನನ್ನ ಹೆಂಡತಿಯನ್ನು ಒಮ್ಮೆ ನೋಡಿ, “ತೋಳು ಅನ್ನೆರಡೂವರೆ,” ಎಂದು ತನಗೆ ತಾನೇ ಅಂದುಕೊಂಡಳು. ಟೇಪು ಹಿಡಿದಳು. ಹನ್ನೆರಡೂವರೆ. ಬರೆದುಕೊಳ್ಳಲು ಹೋಗಿ ನಿಲ್ಲಿಸಿ, ಮತ್ತೊಮ್ಮೆ ಹಿಡಿದಳು.

ಹೊರಡುವಾಗ ಬಾಗಿಲ ತನಕ ಬಂದು ಕೇಳಿದಳು: “ಸಾ, ಆ ಕಬ್ಬು... ನಿಜ್ವಾಗ್ಲೂ ಅನ್ನೊಂದೇ ಲೋಡಾಗಿತ್ತಾ?”

“ಹನ್ನೊಂದೇ ಕಣಮ್ಮ. ನಿಮ್ಮಪ್ಪನೇ ಹೇಳಿದ್ದು.”

ತಲೆಯಾಡಿಸಿದಳು. ಒಳಗೆ ಹೋಗಿ, ಇನ್ನೊಂದು ಸಲ ಅಳತೆ ನೋಡಬೇಕು ಎಂದು ನನ್ನ ಹೆಂಡತಿಯನ್ನು ವಾಪಸು ಕರೆದಳು.